ಕಾಶವ್ವನ ಗುಂಡೆಸೆತದ ಕಡೆಯ ಕಾಳಗ

ಸುಣ್ಣದ ಗೆರೆಯೇ ಸಾಮ್ರಾಜ್ಯದ ಗಡಿಯಾಗಿದ್ದ, ತೀರ್ಪುಗಾರರ ಸೀಟಿಯೇ ಪಾಂಚಜನ್ಯವಾಗಿದ್ದ ಪುಣ್ಯಯುಗವನ್ನು ನೆನೆದು, ಲೋಹಗೋಳವಿಕ್ಷೇಪಣಧುರಂಧರೆಯಾದ ಗದಗಿನ ಕಾಶವ್ವ ಹೊಂಬಳಳ ಚರಿತೆಯನ್ನು ಹೇಳತೊಡಗುತ್ತೇವೆ. ಅಷ್ಟದಿಕ್ಪಾಲಕರು ತುಸು ಹಿಂದೆ ಸರಿದು ನಿಂತು ಆಲಿಸಲಿ. ಗುಂಡು ಎತ್ತ ಬೀಳುವುದೋ ಬಲ್ಲವರಾರು.

ತಾಯಿಯ ಒರಳಿನ ಗುಂಡುಕಲ್ಲನ್ನು ಹಿತ್ತಿಲಾಚೆ ಎಸೆದು ನೆರೆಮನೆಯ ಮಣ್ಣಿನ ಹರವಿಯನ್ನು ಭೇದಿಸಿದಂದೇ ಆಕೆಯ ಪರಾಕ್ರಮ ಲೋಕವಿದಿತವಾಯಿತು. ಹರವಿಯ ಒಡತಿ ಶಾಪವಿತ್ತಳು. ಶಾಲೆಯಲ್ಲಿ ಆಟ ಕಲಿಸುತ್ತಿದ್ದ ಅಂಗಡಿ ಮಾಸ್ತರರು ವರವಿತ್ತರು. ಆ ವರಬಲದಿಂದ ತಾಲೂಕುಗಳನ್ನು ಜಯಿಸಿ, ಜಿಲ್ಲೆಗಳನ್ನು ಸದೆಬಡಿದು, ರೈಲ್ವೆ ನೌಕರಿಯೆಂಬ ರಾಜ್ಯಲಕ್ಷ್ಮಿಯನ್ನು ವಶಪಡಿಸಿಕೊಂಡ ಆ ವೀರಾಂಗನೆಗೆ ಭೂಮಂಡಲದಲ್ಲಿ ಎದುರಾಳಿಯೇ ಇರಲಿಲ್ಲ, ಮಂಗಳೂರಿನ ಸೆವ್ರಿನಾ ಲೋಬೊ ಒಬ್ಬಳನ್ನುಳಿದು.

ಬ್ಯಾಂಕಿನ ಗುಮಾಸ್ತೆಯೂ ಪಶ್ಚಿಮಸಮುದ್ರತೀರಸಿಂಹಿಣಿಯೂ ಆದ ಈ ಸೆವ್ರಿನಾ ರಾಜ್ಯ ಕ್ರೀಡಾಕೂಟದಲ್ಲಿ ಪ್ರತಿ ಸಲವೂ ಗೇಣುದ್ದ ಮುಂದೆ ಎಸೆದು ಚಿನ್ನವನ್ನು ಒಯ್ಯುತ್ತಿದ್ದಳು. ಕಾಶವ್ವನ ಮನೆಯ ಗೋಡೆಯ ತುಂಬ ಬೆಳ್ಳಿಯೇ ತೂಗಾಡಿತು. ಬೆಳ್ಳಿಗೂ ಈಗ ಒಳ್ಳೆಯ ಬೆಲೆ ಎಂದು ಸಮಾಧಾನ ಹೇಳಹೋದ ಗಂಡ ಎರಡು ದಿನ ಮಾತಿಲ್ಲದ ಊಟ ಉಂಡನು.

ಕಾಲಚಕ್ರ ಉರುಳಿತು. ಕೂದಲು ನರೆಯಿತು, ಮೊಣಕಾಲು ಮುನಿಯಿತು. ದಾವಣಗೆರೆಯ ಹಿರಿಯರ ಕ್ರೀಡಾಕೂಟದಲ್ಲಿ ಇಬ್ಬರೂ ಮತ್ತೆ ಎದುರಾದಾಗ ಸೆವ್ರಿನಾ, ತನಗಿದೇ ಕಡೆಯ ಕೂಟವೆಂದೂ ಮುಂದೆ ಗುಂಡು ಮುಟ್ಟುವುದಿಲ್ಲವೆಂದೂ ತಿಳಿಸಿದಳು. ಇಂದು ಗೆಲ್ಲದಿದ್ದರೆ ಕಾಶವ್ವ ಈಕೆಯನ್ನು ಇನ್ನೆಂದೂ ಗೆಲ್ಲುವಂತಿರಲಿಲ್ಲ.

ಸಿಮೆಂಟಿನ ವೃತ್ತದ ಬಳಿ ನಿಂತು, ಕುಲಪರ್ವತಗಳು ಕಿವಿಗೊಡುವಂತೆ ಕಾಶವ್ವ ನುಡಿದಳು:

"ಇವತ್ತ ನಿನ್ನ ಗುಂಡು ನನ್ನ ಗುಂಡಿನ ಬೆನ್ನ ನೋಡತೈತಿ. ಬರದಿಟ್ಕೊ."

"ಪ್ರತಿ ವರ್ಷ ನೀನು ಹೇಳುವುದು ಇದನ್ನೇ ಅಲ್ವಾ ಮಾರಾಯ್ತಿ," ಎಂದಳು ಸೆವ್ರಿನಾ. "ಮೊದಲು ಬಿಸಾಡು, ಆಮೇಲೆ ಮಾತಾಡು."

ಸೆವ್ರಿನಾಳ ಗುಂಡು ಎಂದಿನಂತೆ ದೂರ ಹೋಗಿ ಬಿತ್ತು. ಕಡೆಯ ಸರದಿ ಕಾಶವ್ವನದು. ಪ್ರಳಯಕಾಲದ ಭೂಗೋಳವನ್ನೇ ಕೊರಳಿಗೊತ್ತಿಕೊಂಡಂತೆ ಗುಂಡನ್ನು ಹಿಡಿದು, ಬಾಗಿ, ಸಿಡಿದೆದ್ದು, ಸಕಲ ಬೆಳ್ಳಿಪದಕಗಳ ಸಂಕಟವನ್ನೂ ಒಂದೇ ಹೂಂಕಾರದಲ್ಲಿ ಹೊರಹಾಕಿ ಎಸೆದಳು. ಪಕ್ಕದ ಬೇವಿನ ಮರದ ಕಾಗೆಗಳು ವಲಸೆ ಹೊರಟವು. ಟೇಪು ಹಿಡಿದವರು ಅಳೆದರು, ಕನ್ನಡಕ ಒರೆಸಿಕೊಂಡು ಮತ್ತೆ ಅಳೆದರು. ಹೆಬ್ಬೆರಳಿನಷ್ಟು ಅಂತರದಲ್ಲಿ ಕಾಶವ್ವ ಗೆದ್ದಿದ್ದಳು.

ಅಟ್ಟಹಾಸಗೈಯಲೆಂದು ತಿರುಗಿದಳು. ಆದರೆ ಸೆವ್ರಿನಾ ಸೊಂಟದ ಮೇಲೆ ಕೈಯಿಟ್ಟು, ಗುಂಡು ಬಿದ್ದ ಜಾಗವನ್ನೇ ನೋಡುತ್ತ ಮೆಚ್ಚುಗೆಯಿಂದ ತಲೆದೂಗುತ್ತಿದ್ದಳು. ಇಷ್ಟು ವರ್ಷ ಸಾಕಿದ ಸಿಟ್ಟನ್ನು ಇನ್ನೆಲ್ಲಿ ಇಡಬೇಕೆಂದು ಕಾಶವ್ವನಿಗೆ ತಿಳಿಯಲಿಲ್ಲ.

ಪದಕಪ್ರದಾನವಾಯಿತು, ಊಟದ ಹೊತ್ತಾಯಿತು. ಆಗ ತಿಳಿಯಿತು, ದಿಗ್ವಿಜಯಗೈದ ಆ ಬಲಭುಜ ಹಿಡಿದುಕೊಂಡುಬಿಟ್ಟಿದೆ, ಕೈ ತಟ್ಟೆಯಿಂದ ಬಾಯಿಗೂ ಏರುತ್ತಿಲ್ಲ. ಎಡಗೈಯಲ್ಲಿ ಉಣ್ಣಲು ಮನಸ್ಸೊಪ್ಪದೆ ಕಾಶವ್ವ ಪಲಾವನ್ನು ಸುಮ್ಮನೆ ನೋಡುತ್ತ ಕುಳಿತಳು. ಸೆವ್ರಿನಾ ಗೊಣಗುತ್ತ ಕುರ್ಚಿ ಎಳೆದುಕೊಂಡು ಬಂದಳು. ತುತ್ತು ಕಲಸಿ ಆ ಸ್ವರ್ಣಪದಕವಿಭೂಷಿತೆಯ ಬಾಯಿಗಿಟ್ಟಳು.

ವಿಜಯಿ ನಿಧಾನವಾಗಿ ಅಗಿದಳು.

"ಉಪ್ಪು ಕಡಿಮಿ ಆಗೇತಿ," ಎಂದಳು.

ಸೆವ್ರಿನಾ ಉಪ್ಪಿನಕಾಯಿ ತರಲು ಎದ್ದಳು.