ಬ್ರೇಕ್ ಮೇಷ್ಟ್ರ ಕೇಶವಿಯೋಗ

ಸ್ನಾನದ ಮನೆಯ ನೀರು ಹೋಗುವ ಕಿಂಡಿ ಕಟ್ಟಿಕೊಂಡಿತ್ತು. ಮೇಷ್ಟ್ರು ಪಾದ ಮುಳುಗುವಷ್ಟು ನೀರಿನಲ್ಲಿ ನಿಂತು ಮನೆಯ ಹೆಂಗಸರ ಜಡೆಗಳ ಮೇಲೆ ಒಂದು ಭಾಷಣವನ್ನೇ ಬಿಗಿದರು.

"ಒಂದಲ್ಲ, ಎರಡು ಜಡೆ ಈ ಮನೇಲಿ! ತಾಯಿದೊಂದು, ಮಗಳದೊಂದು. ತಲೆ ತೊಳೆದು ಎಲ್ಲಾನೂ ಇಲ್ಲಿಗೇ ಬಿಡ್ತೀರ. ಕಟ್ಟಿಕೊಳ್ಳದೆ ಇನ್ನೇನಾಗುತ್ತೆ?"

ಹೆಂಡತಿ ಎದುರುತ್ತರ ಕೊಡಲಿಲ್ಲ. ಹದಿನೇಳು ವರ್ಷ ಸಂಸಾರ ಮಾಡಿದವರಿಗೆ ಅದೇ ಅಪಾಯದ ಸೂಚನೆ ಎಂದು ಗೊತ್ತಾಗಬೇಕಿತ್ತು. ಆಕೆ ಒಂದು ತಂತಿ ತಂದು, ತುದಿ ಬಗ್ಗಿಸಿ, ಕಿಂಡಿಯೊಳಗೆ ತೂರಿಸಿ ಎಳೆದಳು. ಇಲಿಮರಿಯಷ್ಟು ದೊಡ್ಡ ಕಪ್ಪು ಮುದ್ದೆಯೊಂದು ಹೊರಗೆ ಬಂತು. ಅದನ್ನು ಹಳೆಯ ಪತ್ರಿಕೆಯ ಮೇಲೆ ಹರಡಿ, ಎಳೆ ಎಳೆಯಾಗಿ ಬಿಡಿಸಿ, ಗಂಡನ ಮೂಗಿನ ಮುಂದೆ ಹಿಡಿದಳು. ಮುಕ್ಕಾಲು ಪಾಲು ಎಳೆಗಳು ಒಂದು ಬೆರಳಿನಷ್ಟೂ ಉದ್ದವಿರಲಿಲ್ಲ.

"ಇದು ಯಾರ ಜಡೆ ರೀ?"

ಮೇಷ್ಟ್ರು ಕೈಯನ್ನು ತಲೆಗೆ ಒಯ್ದರು. ಕೈ ವಾಪಸ್ ಬಂದಾಗ ಬರಿಗೈಯಲ್ಲಿ ಬರಲಿಲ್ಲ.

ಮೇಷ್ಟ್ರು ಎಂದರೆ ಶಾಲೆಯ ಮೇಷ್ಟ್ರಲ್ಲ, ಕಾರು ಕಲಿಸುವ ಮೇಷ್ಟ್ರು. ಡ್ರೈವಿಂಗ್ ಸ್ಕೂಲಿನ ಕಾರಿನಲ್ಲಿ ಕಲಿಯುವವರ ಪಕ್ಕ ಕೂತು, ತಮ್ಮ ಕಾಲಡಿಯಲ್ಲಿರುವ ಇನ್ನೊಂದು ಬ್ರೇಕನ್ನು ಒತ್ತುವುದು ಅವರ ಕಸುಬು. ಹನ್ನೊಂದು ವರ್ಷ ಒತ್ತಿ ಒತ್ತಿ ಬಲಗಾಲು ಎಡಗಾಲಿಗಿಂತ ದಪ್ಪಗಾಗಿತ್ತು. 'ಬ್ರೇಕ್ ಮೇಷ್ಟ್ರು' ಎಂಬ ಬಿರುದನ್ನು ಶಿಷ್ಯರೇ ದಯಪಾಲಿಸಿದ್ದರು. (ಬ್ರೇಕ್ ಒತ್ತುವಾಗ ಮೇಷ್ಟ್ರ ಬಾಯಿಂದ ಹೊರಡುವ ಕೂಗು ಹಾರ್ನಿಗಿಂತ ಜೋರು ಎಂಬುದೂ ಶಿಷ್ಯರದೇ ಅಭಿಪ್ರಾಯ.) ಕ್ಲಚ್ಚೆಂದುಕೊಂಡು ಬ್ರೇಕ್ ತುಳಿದವರನ್ನು, ಕಣ್ಣು ಮುಚ್ಚಿಕೊಂಡು ತಿರುವು ತೆಗೆದುಕೊಂಡವರನ್ನು, ಎದುರಿಗೆ ಲಾರಿ ಬಂದಾಗ ಸ್ಟಿಯರಿಂಗ್ ಬಿಟ್ಟು ಮುಖ ಮುಚ್ಚಿಕೊಂಡವರನ್ನು ಕಂಡೂ ಮೇಷ್ಟ್ರ ಕೂದಲು ಜಗ್ಗಿರಲಿಲ್ಲ.

ಆಮೇಲೆ ಮಾವ ಬಂದರು.

ಮಾವ ಬಂದದ್ದು ಕಣ್ಣಿನ ಪೊರೆಯ ಆಪರೇಷನ್ನಿಗೆ, ಹತ್ತು ದಿನದ ಮಟ್ಟಿಗೆ. ಮೂವತ್ತೆರಡು ವರ್ಷ ಬಸ್ಸು ಓಡಿಸಿ, ಬಸ್ಸಿಗೆ ಒಂದು ಗೀರೂ ಆಗದಂತೆ ನಿವೃತ್ತರಾದವರು. ತಲೆ ತುಂಬ ಹತ್ತಿಯಂಥ ದಟ್ಟ ಬಿಳಿ ಕೂದಲು; ಬಾಚಿದರೆ ಬಾಚಣಿಗೆಯ ಹಲ್ಲೇ ಮುರಿಯಬೇಕು. ಪೊರೆ ತೆಗೆದ ಮೇಲೆ ಮಾವನಿಗೆ ಜಗತ್ತು ನಿಚ್ಚಳವಾಗಿ ಕಂಡಿತು. ಆ ಜಗತ್ತಿನಲ್ಲಿ ಅಳಿಯ ಎಲ್ಲರಿಗಿಂತ ನಿಚ್ಚಳವಾಗಿ ಕಂಡರು. ಹತ್ತು ದಿನ ಮುಗಿಯಿತು, ಇಪ್ಪತ್ತು ಮುಗಿಯಿತು, ಮಾವನ ಕನ್ನಡಕದ ಪೆಟ್ಟಿಗೆ ಟೀವಿಯ ಮೇಲೆ ಕಾಯಂ ಜಾಗ ಮಾಡಿಕೊಂಡಿತು.

"ಅಳಿಯಂದ್ರೇ, ಗೇರು ಹಾಕೋದು ಹಾಗಲ್ಲ. ಬೆಣ್ಣೇಲಿ ಚಮಚ ಆಡಿಸಿದ ಹಾಗಿರಬೇಕು."

"ಅಳಿಯಂದ್ರೇ, ಕಾರು ನಿಲ್ಲಿಸೋಕೆ ಕೂಗ್ತೀರಂತೆ? ಬ್ರೇಕಿಗೆ ಕಿವಿ ಇದೆಯಾ?"

ಊಟದ ಮೇಜಿನಿಂದ ಏಳುವಾಗ ಕುರ್ಚಿ ಹಿಂದಕ್ಕೆ ಸರಿಸಿದರೂ, "ರಿವರ್ಸ್ ಬರುವಾಗ ಹಿಂದೆ ನೋಡ್ಬೇಕು, ಅಳಿಯಂದ್ರೇ" ಎಂಬ ಸಲಹೆ ಬರುತ್ತಿತ್ತು. ಕೆಟ್ಟ ಮನುಷ್ಯರೇನಲ್ಲ. ಕೆಟ್ಟವರಾಗಿದ್ದರೆ ಒಂದು ದಿನ ಜಗಳವಾಡಿ ಹಗುರಾಗಬಹುದಿತ್ತು. ಮೃದುವಾದ ಮಾತು, ಮುಗುಳುನಗೆ, ಹೇಳಿದ್ದೆಲ್ಲ ಸರಿ. ಅದನ್ನು ತಡೆದುಕೊಳ್ಳುವುದು ಹೇಗೆ?

ಕಿಂಡಿಯ ಪ್ರಕರಣದ ನಂತರ ಮಗಳು ಅಪ್ಪನ ದಿಂಬಿನ ಮೇಲಿನ ಕೂದಲನ್ನು ದಿನಾ ಬೆಳಗ್ಗೆ ಎಣಿಸಿ ಗೋಡೆಯ ಕ್ಯಾಲೆಂಡರಿನಲ್ಲಿ ಬರೆಯತೊಡಗಿದಳು. ಸೋಮವಾರ ಅರವತ್ತೊಂದು. ಮಂಗಳವಾರ ಎಂಬತ್ತು. "ಅಪ್ಪಾ, ಇವತ್ತು ನೀನು ರೆಕಾರ್ಡ್ ಮುರಿದೆ!" ಎಂದು ಗುರುವಾರ ಕುಣಿದಾಗ ಮೇಷ್ಟ್ರು ಕಾಫಿ ಲೋಟದೊಳಗೆ ನೋಡಿದರು. ಅಲ್ಲೂ ಒಂದು ತೇಲುತ್ತಿತ್ತು. ಶನಿವಾರ ಹೆಂಡತಿ ಅವರನ್ನು ಚರ್ಮದ ಡಾಕ್ಟರ ಬಳಿಗೆ ಎಳೆದುಕೊಂಡು ಹೋದಳು.

ಡಾಕ್ಟರಮ್ಮ ಮೇಷ್ಟ್ರ ತಲೆಯಿಂದ ಒಂದು ಗೊಂಚಲು ಹಿಡಿದು ಮೆಲ್ಲಗೆ ಎಳೆದರು. ಗೊಂಚಲಿನ ಅರ್ಧ ಭಾಗ ಯಾವ ತಕರಾರೂ ಇಲ್ಲದೆ ಅವರ ಜೊತೆ ಹೊರಟುಹೋಯಿತು.

"ಇದು ವಂಶದಿಂದ ಬರೋ ಬೋಳುತನ ಅಲ್ಲ. ಅದು ಹಣೆ, ನೆತ್ತಿ ಅಂತ ಜಾಗ ನೋಡಿಕೊಂಡು ಬರುತ್ತೆ. ನಿಮಗೆ ತಲೆ ಪೂರ್ತಿ ಉದುರ್ತಿದೆ. ಮನಸ್ಸಿಗೆ ಒತ್ತಡ ಜಾಸ್ತಿಯಾದಾಗ ಬೆಳೀತಿರೋ ಕೂದಲು ಒಟ್ಟೊಟ್ಟಿಗೆ ಕೆಲಸ ನಿಲ್ಲಿಸಿಬಿಡುತ್ತೆ. ಆದ್ರೆ ಆಗಲೇ ಉದುರಲ್ಲ. ಎರಡು ಮೂರು ತಿಂಗಳು ಕಳೆದ ಮೇಲೆ ಉದುರುತ್ತೆ. ಒತ್ತಡ ಹೋದ್ರೆ ಸಾಮಾನ್ಯವಾಗಿ ವಾಪಸ್ ಬರುತ್ತೆ, ಹೆದರಬೇಡಿ."

ಮೇಷ್ಟ್ರ ಮುಖ ಅರಳಿತು. ಆದರೆ ಡಾಕ್ಟರಮ್ಮ ಅಷ್ಟಕ್ಕೇ ಬಿಡಲಿಲ್ಲ.

"ಮೂರು ತಿಂಗಳ ಹಿಂದೆ ಏನಾಯ್ತು, ನೆನಪು ಮಾಡ್ಕೊಳ್ಳಿ. ಕಾಯಿಲೆ ಬಿದ್ರಾ? ಕೆಲಸದಲ್ಲಿ ತೊಂದರೆ? ಮನೆಗೆ ಯಾರಾದ್ರೂ ಬಂದ್ರಾ?"

"ಯಾರೂ ಬಂದಿಲ್ಲ!" ಎಂದು ಮೇಷ್ಟ್ರು ಕೂಗಿದರು. ಲಾರಿ ಎದುರಿಗೆ ಬಂದಾಗ ಕೂಗುವ ಅದೇ ಕೂಗು. ಬಾಗಿಲ ಹೊರಗಿದ್ದ ರೋಗಿಗಳೂ ಇಣುಕಿದರು.

ಹೆಂಡತಿಯ ತಲೆ ಮೆಲ್ಲಗೆ ಗಂಡನ ಕಡೆ ತಿರುಗಿತು.

ಬಸ್ಸಿನಲ್ಲಿ ಆಕೆ ಕಿಟಕಿಯ ಕಡೆ ಮುಖ ಮಾಡಿ ಬೆರಳು ಮಡಚಿ ಎಣಿಸಿದಳು. ಮನೆಯ ಬಾಗಿಲಲ್ಲಿ ಚಪ್ಪಲಿ ಬಿಡುತ್ತಾ ಅಂದಳು, "ಅಂದ್ರೆ, ನಮ್ಮಪ್ಪ ಬಂದದ್ದಕ್ಕೆ ನಿಮ್ಮ ಕೂದಲು ಹೋಯ್ತು."

"ನಾನೆಲ್ಲಿ ಹಾಗಂದೆ? ನನ್ನ ಹತ್ರ ಕಲೀತಿದ್ದ ಆ ಹುಡುಗಿ ತರಕಾರಿ ಅಂಗಡಿಗೆ ಕಾರು ನುಗ್ಗಿಸಿದ್ಲಲ್ಲ, ಅದೇ ಆಘಾತ ಕಣೇ."

"ಅದಾಗಿ ಎರಡು ವರ್ಷ ಆಯ್ತು."

"ಕೆಲವರಿಗೆ ನಿಧಾನವಾಗಿ ಉದುರುತ್ತಂತೆ..."

"ನಮ್ಮಪ್ಪ ನಿಮಗೆ ಏನು ಮಾಡಿದ್ರು? ಒಂದು ದಿನ ಗದರಿಸಿದ್ರಾ? ಒಂದು ಲೋಟ ನೀರು ಬೇಕಿದ್ರೂ ತಾವೇ ಎದ್ದು ತಗೋತಾರೆ!"

ಪಕ್ಕದ ಕೋಣೆಯ ಬಾಗಿಲು ತೆರೆದೇ ಇತ್ತು. ಮಾವನಿಗೆ ತೆಗೆಸಿದ್ದು ಕಣ್ಣಿನ ಪೊರೆ. ಕಿವಿಗೆ ಮೊದಲಿನಿಂದಲೂ ಪೊರೆ ಇರಲಿಲ್ಲ. ಅರ್ಧ ಗಂಟೆಯಲ್ಲಿ ಅವರು ಚೀಲ ಹಿಡಿದು ಹೊರಗೆ ಬಂದರು. ಟೀವಿಯ ಮೇಲಿನ ಕನ್ನಡಕದ ಪೆಟ್ಟಿಗೆ ತೆಗೆದು ಜೇಬಿಗಿಟ್ಟುಕೊಂಡರು.

"ನನ್ನಿಂದ ನಿಮಗೆ ತೊಂದರೆ ಬೇಡ, ಅಳಿಯಂದ್ರೇ. ನಾನು ಹೊರಡ್ತೀನಿ."

ಮೇಷ್ಟ್ರ ಎದೆಯಲ್ಲಿ ಒಂದು ಕ್ಷಣ ತಣ್ಣನೆಯ ಗಾಳಿ ಬೀಸಿತು. ತಲೆಯ ಮೇಲೆ ಮೊಳಕೆಗಳು ಏಳುತ್ತಿರುವಂತೆಯೂ ಅನ್ನಿಸಿತು. ಆದರೆ ಮಾವನ ಹಿಂದೆ ಹೆಂಡತಿ ನಿಂತಿದ್ದಳು. ಗಂಡನನ್ನೇ ನೋಡುತ್ತಿದ್ದಳು. ಆ ನೋಟಕ್ಕೆ ತಲೆಯ ಮೇಲೆ ಉಳಿದಿದ್ದವೂ ನಡುಗಿದವು.

"ಏನು ಮಾವ, ಹೀಗಂತೀರ! ನೀವಿರೋದ್ರಿಂದಲೇ ಮನೆ ಮನೆಯಾಗಿರೋದು." ಮೇಷ್ಟ್ರು ಚೀಲ ಕಿತ್ತುಕೊಂಡರು. "ಒತ್ತಡ ಇರೋದು ಕೆಲಸದಲ್ಲಿ. ಆ ಕಾರಲ್ಲಿ. ಆ ಶಿಷ್ಯರಲ್ಲಿ."

ಮಾವ ಯೋಚಿಸಿದರು. ಚೀಲವನ್ನು ಬಿಟ್ಟರು. "ಹಾಗಿದ್ರೆ ನಾನು ಸುಮ್ಮನೆ ಕೂರೋದು ತಪ್ಪು. ನಾಳೆಯಿಂದ ನಿಮ್ಮ ಜೊತೆ ಬರ್ತೀನಿ. ಹಿಂದಿನ ಸೀಟಲ್ಲಿ ಬಾಯಿ ಮುಚ್ಚಿಕೊಂಡು ಕೂತಿರ್ತೀನಿ. ನಿಮಗೂ ಒಂದು ಧೈರ್ಯ."

"ನೋಡಿದ್ರಾ, ನಮ್ಮಪ್ಪನ ಮನಸ್ಸು!" ಎಂದು ಹೆಂಡತಿ ಕಣ್ಣೊರೆಸಿಕೊಂಡಳು. ಮೇಷ್ಟ್ರಿಗೂ ಕಣ್ಣೀರು ಬಂತು. ಇಬ್ಬರ ಕಣ್ಣೀರಿನ ಕಾರಣ ಒಂದೇ, ರುಚಿ ಬೇರೆ.

ಮರುದಿನದ ಮೊದಲ ಪಾಠ ಟೈಲರಮ್ಮನದು. ಹತ್ತೊಂಬತ್ತು ದಿನಗಳಿಂದ ಕಲಿಯುತ್ತಿದ್ದ ಆಕೆ ಒಂದು ದಿನವೂ ಕಾರನ್ನು ನಿಂತ ಜಾಗದಿಂದ ಸರಾಗವಾಗಿ ಹೊರಡಿಸಿರಲಿಲ್ಲ. ಕಾರು ಕಪ್ಪೆಯಂತೆ ಎರಡು ಸಲ ಜಿಗಿದು ಸತ್ತುಹೋಗುತ್ತಿತ್ತು. ಅಂದೂ ಜಿಗಿಯಿತು.

"ಕ್ಲಚ್ಚು! ಕ್ಲಚ್ಚು ರೀ! ಮೆಲ್ಲಗೆ ಬಿಡಿ ಅಂತ ಎಷ್ಟು ಸಲ ಬಡ್ಕೋಬೇಕು!" ಎಂದು ಮೇಷ್ಟ್ರು ಕೂಗಿದರು. ಟೈಲರಮ್ಮ ಮತ್ತೆ ಕೀಲಿ ತಿರುಗಿಸಿದಳು.

ಹಿಂದಿನಿಂದ ಒಂದು ಮೃದುವಾದ ದನಿ ಬಂತು. "ತಾಯಿ, ರೇಷ್ಮೆ ಬಟ್ಟೆ ಹೊಲಿಯುವಾಗ ಮಿಷನ್ ಪೆಡಲ್ ಹೇಗೆ ತುಳೀತೀರಿ?"

"ಮೆಲ್ಲಗೆ, ತಾತ. ಇಲ್ಲದಿದ್ರೆ ಸುಕ್ಕು ಬೀಳುತ್ತೆ."

"ಹಾಗೇ ಬಿಡಿ ಕ್ಲಚ್ಚನ್ನ. ಈ ರಸ್ತೆ ರೇಷ್ಮೆ ಅಂದ್ಕೊಳ್ಳಿ."

ಕಾರು ಹೊರಟಿತು. ಜಿಗಿಯಲಿಲ್ಲ, ಸಾಯಲಿಲ್ಲ, ಹೊರಟಿತು. ಬೇಕರಿ ದಾಟಿತು, ಅಂಚೆ ಕಚೇರಿ ದಾಟಿತು, ಎರಡು ತಿರುವು ತೆಗೆದುಕೊಂಡಿತು. ಟೈಲರಮ್ಮ ನಗುತ್ತಾ ಅಳುತ್ತಿದ್ದಳು. ಮೇಷ್ಟ್ರ ಬಲಗಾಲು ಬ್ರೇಕಿನ ಮೇಲೆ ಕೆಲಸವಿಲ್ಲದೆ ಕೂತಿತ್ತು. ಹನ್ನೊಂದು ವರ್ಷದಲ್ಲಿ ಅದಕ್ಕೆ ಅಂಥ ಅವಮಾನ ಆಗಿರಲಿಲ್ಲ.

ವಾರ ಕಳೆಯುವುದರೊಳಗೆ ಶಿಷ್ಯರೆಲ್ಲ ತಾತ ಬಂದಿದ್ದಾರೋ ಇಲ್ಲವೋ ಎಂದು ವಿಚಾರಿಸಿಯೇ ಕಾರು ಹತ್ತತೊಡಗಿದರು. ಎರಡನೆಯ ವಾರ ಸ್ಕೂಲಿನ ಯಜಮಾನಿ ಮೇಷ್ಟ್ರನ್ನು ಒಳಗೆ ಕರೆದು ಕೂರಿಸಿ, ತಾವೇ ಫ್ಯಾನಿನ ವೇಗ ಕಡಿಮೆ ಮಾಡಿದರು. (ಮೇಷ್ಟ್ರ ಕೂದಲಿಗೆ ಗಾಳಿಗೂ ಹಾರುವ ಸ್ಥಿತಿ ಬಂದಿತ್ತು.)

"ನಿಮ್ಮ ಮನೆಯವರು ಫೋನ್ ಮಾಡಿದ್ರು. ಒತ್ತಡದ ವಿಷಯ ಎಲ್ಲಾ ಹೇಳಿದ್ರು. ನನಗೆ ತುಂಬ ಬೇಜಾರಾಯ್ತು ಮೇಷ್ಟ್ರೇ. ಇನ್ಮೇಲೆ ನೀವು ಕಾರು ಹತ್ತೋದೇ ಬೇಡ. ಆಫೀಸಲ್ಲಿ ಕೂತು ಫೋನ್ ನೋಡ್ಕೊಳ್ಳಿ. ಕಾರಿಗೆ ನಿಮ್ಮ ಮಾವನ್ನ ಒಪ್ಪಿಸಿದ್ದೀನಿ. ಕಣ್ಣಿನ ಡಾಕ್ಟರ ಚೀಟಿನೂ ತಂದುಕೊಟ್ರು."

"ನಾನು ಕಲಿಸ್ತೀನಿ ಮೇಡಂ. ನನಗೇನೂ ಆಗಿಲ್ಲ."

ಯಜಮಾನಿ ದನಿ ತಗ್ಗಿಸಿದರು. "ಬೇಜಾರು ಮಾಡ್ಕೋಬೇಡಿ. ಹೊಸದಾಗಿ ಸೇರೋಕೆ ಬಂದವರು ನಿಮ್ಮ ತಲೆ ನೋಡ್ತಾರೆ. ಕಾರು ಕಲಿಯೋದು ಇಷ್ಟು ಕಷ್ಟನಾ ಅಂತ ಹೆದರಿ ವಾಪಸ್ ಹೋಗ್ತಾರೆ."

ಆ ಸಂಜೆ ಮಾವ ಅಳಿಯನ ಹೆಗಲ ಮೇಲೆ ಕೈಯಿಟ್ಟು, "ನೀವು ಆರಾಮಾಗಿರಿ, ಅಳಿಯಂದ್ರೇ. ಭಾರ ಎಲ್ಲಾ ನನಗಿರಲಿ" ಎಂದರು. ಹೆಂಡತಿಯ ಮುಖದಲ್ಲಿ ಡಾಕ್ಟರ ಬಳಿ ಹೋದಂದಿನಿಂದ ಕಾಣದ ನಗು. ಮೇಷ್ಟ್ರು ಕನ್ನಡಿಯ ಮುಂದೆ ನಿಂತು ಬಹಳ ಹೊತ್ತು ನೋಡಿದರು. 

ಸೋಮವಾರ ಅವರು ಆಫೀಸಿನ ಮೇಜಿನ ಹಿಂದೆ ಕೂತರು. ಕಿಟಕಿಯಾಚೆ ಮಾವ ಹೊಸ ಶಿಷ್ಯನೊಬ್ಬನನ್ನು ಕಾರಿಗೆ ಹತ್ತಿಸಿಕೊಂಡು, ಬೆಣ್ಣೆಯಲ್ಲಿ ಚಮಚ ಆಡಿಸಿದಂತೆ ಹೊರಟುಹೋದರು. ಫೋನ್ ರಿಂಗಾಯಿತು.

"ಹಲೋ, ಡ್ರೈವಿಂಗ್ ಸ್ಕೂಲಾ? ನಾನು ಕಾರು ಕಲೀಬೇಕಿತ್ತು."

"ಆಗ್ಲಿ ಮೇಡಂ. ಬೆಳಗ್ಗೆ ಬರ್ತೀರೋ, ಸಾಯಂಕಾಲನೋ?"

"ಯಾವಾಗಾದ್ರೂ ಸರಿ. ಆದ್ರೆ ಆ ತಾತನೇ ಕಲಿಸ್ಬೇಕು. ನಿಮ್ಮಲ್ಲಿ ಇನ್ನೊಬ್ರು ಇದಾರಂತಲ್ಲ, ಕಿರುಚ್ತಾರಂತೆ, ತಲೇಲಿ ಅರ್ಧಂಬರ್ಧ ಕೂದಲಂತೆ. ಅವರು ಮಾತ್ರ ಬೇಡ."

ಮೇಷ್ಟ್ರು ಪೆನ್ನು ಕೆಳಗಿಟ್ಟು, ಮತ್ತೆ ಎತ್ತಿಕೊಂಡರು. "ಅವರು ಈಗ ಕಾರು ಹತ್ತಲ್ಲ ಮೇಡಂ."

"ಅಬ್ಬ, ಸದ್ಯ! ನೀವು ಎಷ್ಟು ಸಮಾಧಾನವಾಗಿ ಮಾತಾಡ್ತೀರ ಸಾರ್. ತಾತನಿಗೆ ಬಿಡುವಿಲ್ಲದಿದ್ರೆ ನೀವೇ ಕಲಿಸ್ತೀರಾ?"

ಮೇಷ್ಟ್ರು ಕಿಟಕಿಯಾಚೆ ನೋಡಿದರು. ರಸ್ತೆ ಖಾಲಿಯಾಗಿತ್ತು.

"ಇಲ್ಲ ಮೇಡಂ," ಎಂದರು. "ನನಗೆ ಕಾರು ಬರಲ್ಲ."