ಜಕ್ಕಲಿ ಮನೆಯ ಬಿಸಿನೀರು

ರೋಣದ ಲೈಟ್ ಆಫೀಸಿನಲ್ಲಿ ನಾನಿದ್ದಾಗ, ಸೋಲಾರ್ ಹೀಟರ್ ಹಾಕಿಸಿದವರಿಗೆ ಕರೆಂಟ್ ಬಿಲ್ಲಿನಲ್ಲಿ ರಿಯಾಯಿತಿ ಸಿಗುತ್ತಿತ್ತು. ತಪಾಸಣೆ ನನ್ನದು. ಗಜೇಂದ್ರಗಡದಿಂದ ನರಗುಂದದವರೆಗೆ ನಾನು ಏಣಿ ಹತ್ತಿದ ಮನೆಯಲ್ಲೆಲ್ಲ ಒಂದಲ್ಲ ಒಂದು ಫಜೀತಿ. ಆದರೆ ನರಗುಂದದ ಕಡಲೆ ವ್ಯಾಪಾರಿ ಚಾಚಾ ಕೊಟ್ಟಷ್ಟು ಫಜೀತಿ ಯಾರೂ ಕೊಡಲಿಲ್ಲ. ಅವರು ಹೀಟರ್ ಹಾಕಿಸಿದ್ದು ಜಕ್ಕಲಿಯ ಎರಡನೇ ಮನೆಗೆ. ಅಲ್ಲಿ ಜನ ವಾಸವಿದ್ದರೆ ಮಾತ್ರ ರಿಯಾಯಿತಿ.

೧. ಟವೆಲ್

ಮೊದಲ ಸಲ ಹೋದಾಗ ಚಾಚಾ ಬಾಗಿಲಲ್ಲೇ ನಿಂತಿದ್ದರು. ಒಳಗೆ ಒಂದು ಪಾತ್ರೆಯೂ ಇಲ್ಲ.

"ಇಲ್ಲಿ ಯಾರಿರ್ತಾರ್ರಿ?"

"ನಾವ ಇರ್ತೀವ್ರಿ. ನೋಡ್ರಿ, ಜಳಕದ ಟವೆಲ್ ಇನ್ನೂ ಹಸಿ ಐತಿ."

ಹಸಿಯೇನೋ ಇತ್ತು. ತುದಿಯಲ್ಲಿ ಅಂಗಡಿಯ ಬೆಲೆಚೀಟಿಯೂ ಇತ್ತು.

"ಚೀಟಿ ಹರೀದನ ಮೈ ಒರಸ್ಕೋತೀರೇನ್ರಿ?"

"ನಾಜೂಕಲೆ ಒರಸ್ಕೋತೀವ್ರಿ."

೨. ಹಂಡೆ

ಎರಡನೇ ಸಲ ಮೋಡ ಕವಿದಿತ್ತು. ನಲ್ಲಿ ತಿರುಗಿಸಿದರೆ ಸುಡುಸುಡು ನೀರು. ನನಗೆ ಖುಷಿಯಾಯಿತು. ಹಿತ್ತಲಿಗೆ ಹೋದರೆ ಒಲೆಯ ಮೇಲೆ ದೊಡ್ಡ ಹಂಡೆ. ಚಾಚಾರ ಹೆಂಡತಿ ಚಾಚಿ ಕೆಮ್ಮುತ್ತ ಬಿಸಿನೀರಿನ ಕೊಡ ಹಿಡಿದು ಮಾಳಿಗೆಯ ಟಾಕಿಗೆ ಸುರಿಯಲು ಹೊರಟಿದ್ದರು.

"ಒಲಿ ಯಾಕ್ರಿ?" ಅಂದೆ.

ಚಾಚಾ ಅಂದರು, "ನಿಮಗ ಚಾ ಮಾಡಾಕ್ರಿ."

"ಹಂಡೇದಾಗ?"

"ಎರಡು ಕಪ್ಪು ಕುಡೀತೀರಂತ ಕೇಳಿದ್ದೆರಿ."

ನಗು ಬಂದರೂ ಚಾಚಿಯ ಕೆಮ್ಮು ಕೇಳಿ ಕೆಟ್ಟೆನಿಸಿತು. ಮೂರನೇ ಸಲವೂ ಮನೆ ಖಾಲಿ ಕಂಡರೆ ಅರ್ಜಿ ರದ್ದು ಎಂದು ಹೇಳಿ ಬಂದೆ.

೩. ಪುರಾವೆ

ಎರಡು ತಿಂಗಳು ಬಿಟ್ಟು ಹೋದೆ. ಅಂಗಳದ ತುಂಬ ಕೂಸಿನ ಬಟ್ಟೆ ಒಣಹಾಕಿದ್ದರು. ನಾನು ಕೂತು ಅರ್ಜಿಯನ್ನು ತೊಡೆಯ ಮೇಲೆ ಇಟ್ಟುಕೊಳ್ಳುವಷ್ಟರಲ್ಲಿ ಚಾಚಾ ಅದರ ಮೇಲೆಯೇ ಮೊಮ್ಮಗಳನ್ನು ಮಲಗಿಸಿಬಿಟ್ಟರು.

"ಮಗಳು ಬಾಣಂತನಕ್ಕ ಬಂದಾಳ್ರಿ. ನರಗುಂದದ ಮನಿ ಕೆಳಗ ಅಂಗಡಿ, ಬರೇ ಕಡ್ಲಿ ಧೂಳು. ಇಲ್ಲಿ ಒಲಿ ಹಚ್ಚಿದ್ರ ಹೊಗಿಗೆ ನಮ್ಮಾಕಿಗೆ ಉಸುರು ಹಿಡೀತೈತಿ. ಅದಕ್ಕ ಮಗಳು ಬರೂಕಿಂತ ಮೊದಲ ಹೀಟರ್ ಹಾಕ್ಸಿದೆ."

"ಇದನ್ನ ಮೊದಲ ಹೇಳಿದ್ರ ನಾನ ತಡದು ಬರ್ತಿದ್ದೆನಲ್ರಿ?"

"ಹೆಣ್ಮಕ್ಕಳ ಸುದ್ದಿ ಆಫೀಸಿನವರ ಮುಂದ ಹ್ಯಾಂಗ ಹೇಳೂದ್ರಿ? ನಾಚಿಕಿ ಬಂತು."

ಅವತ್ತು ನಲ್ಲಿಯ ನೀರು ಬಿಸಿಲಿಗೇ ಕಾದಿತ್ತು, ಚಾಚಿ ಕೆಮ್ಮಲಿಲ್ಲ. ನನಗೆ ಖರೇನೇ ಸಮಾಧಾನವಾಯಿತು. ಅಷ್ಟರಲ್ಲಿ ಕೂಸು ನನ್ನ ತೊಡೆಯನ್ನೂ ಅರ್ಜಿಯನ್ನೂ ಒಟ್ಟಿಗೇ ತೋಯಿಸಿತು.

ಮರುದಿನ ಸಾಹೇಬರು ಕಾಗದ ಎತ್ತಿ ಹಿಡಿದರು. "ಏನ್ರೀ ಈ ಕಲೆ?"

"ಜಕ್ಕಲಿ ಮನ್ಯಾಗ ಜನ ಇದ್ದದ್ದಕ್ಕ ಪುರಾವೆರಿ, ಸಾಹೇಬ್ರ."

ಅವರು ಒಮ್ಮೆ ಮೂಸಿ ನೋಡಿದರು. ಕಾಗದವನ್ನು ಮೂಗಿನಿಂದ ದೂರ ಸರಿಸಿ, ಕೈ ಉದ್ದ ಮಾಡಿ ಸಹಿ ಹಾಕಿದರು.