ಎನೊಗೊಟಿಲಾ

ಅನರ್ಥಕ್ಕೆಲ್ಲ ಮೂಲ, ತಿಂಗಳ ಹಿಂದೆ ಹೋಳಪ್ಪನಿಗೆ ಬಂದ ಒಂದು ಸೀನು.

ಹೋಳಪ್ಪ ಎಂಬುದು ತಂದೆತಾಯಿ ಇಟ್ಟ ಹೆಸರಲ್ಲ. ಇಲಿಯ ಭ್ರೂಣವನ್ನು ಮೇಣದಲ್ಲಿ ಹುದುಗಿಸಿ, ಕೂದಲಿಗಿಂತ ತೆಳ್ಳಗೆ ಕೊಯ್ದು, ಆ ಹೋಳುಗಳನ್ನು ಗಾಜಿನ ಪಟ್ಟಿಯ ಮೇಲೆ ಮಲಗಿಸುವುದು ಅವನ ವೃತ್ತಿಯಾದ್ದರಿಂದ ಸಹೋದ್ಯೋಗಿಗಳು ದಯಪಾಲಿಸಿದ ಬಿರುದು. ಮೂತ್ರಪಿಂಡ, ಮೂತ್ರಕೋಶ, ಜನನಾಂಗಗಳು ಗರ್ಭದಲ್ಲಿ ರೂಪುಗೊಳ್ಳುವಾಗ ಯಾವ ಜೀನು ಯಾವ ತಾಣದಲ್ಲಿ ಎಚ್ಚರಗೊಳ್ಳುತ್ತದೆಂಬುದರ ನಕ್ಷೆಯನ್ನು ಮೂರು ಪ್ರಯೋಗಾಲಯಗಳು ಕೂಡಿ ಬರೆಯುತ್ತಿದ್ದವು. ಬಣ್ಣದಲ್ಲಿ ಅದ್ದಿದರೆ, ಜೀನು ಎಚ್ಚರವಿದ್ದ ಕಡೆ ಹೋಳಿಗೆ ನೀಲಿ ಹತ್ತುತ್ತಿತ್ತು. ಭಗವಂತನು ಕತ್ತಲೆಯಲ್ಲಿ ಸದ್ದಿಲ್ಲದೆ ಮಾಡಿ ಮುಗಿಸುವ ಕೆಲಸಕ್ಕೆ ಮನುಷ್ಯರು ಬೆಳಕಿನಲ್ಲಿ ಹೆಸರಿಡಲು ಹೊರಟರೆ ಎಷ್ಟು ಗದ್ದಲವಾಗಬೇಕೋ ಅಷ್ಟೂ ಅಲ್ಲಿ ನಡೆಯುತ್ತಿತ್ತು.

ಸೀನು ಬಂದಾಗ ಹೋಳಪ್ಪನ ಕುಂಚದ ತುದಿಯಲ್ಲಿ ಒಂದು ಹೋಳಿತ್ತು. ಅದರ ಅಂಚು ಮಡಚಿಕೊಂಡಿತು. ಮಡಿಕೆ ಎರಡರಷ್ಟು ಬಣ್ಣ ಕುಡಿಯಿತು. ಮೂತ್ರಕೋಶದ ಪಕ್ಕದಲ್ಲಿ ಅಚ್ಚ ನೀಲಿ ಚುಕ್ಕೆಯೊಂದು ಮೂಡಿತು. ಚಿತ್ರವನ್ನು ನಕ್ಷೆಗೆ ಏರಿಸುವಾಗ ಕಂಪ್ಯೂಟರು, ಈ ಚುಕ್ಕೆಯ ಹೆಸರೇನೆಂದು ಕೇಳಿತು. ಖಾಲಿ ಬಿಟ್ಟರೆ ಮುಂದಕ್ಕೆ ಹೋಗಲೊಲ್ಲದು. ಹೋಳಪ್ಪ ಸತ್ಯವಂತ. ‘ಏನೋ ಗೊತ್ತಿಲ್ಲ’ ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ಒತ್ತಿದ, ಆಮೇಲೆ ನೋಡಿದರಾಯಿತೆಂದುಕೊಂಡ, ಮರೆತ.

ಇಂದು ಬೆಳಗ್ಗೆ ಅವನು ಕೋಣೆಯೊಳಗೆ ಕಾಲಿಡುತ್ತಿದ್ದಂತೆ, ನಕ್ಷೆ ನೋಡಿಕೊಳ್ಳುವ ಗೆಳೆಯ ಕುರ್ಚಿ ತಿರುಗಿಸಿ ಕೈ ಕುಲುಕಿದ.

“ಎನೊಗೊಟಿಲಾ ಗೆದ್ದುಬಿಡ್ತು ಕಣೋ. ಉಳಿದ ಎರಡು ಕಡೆಯವರಿಗೂ ಸಿಕ್ಕಿದೆಯಂತೆ.”

“ಎನೊ... ಏನದು?”

“ನೀನೇ ಇಟ್ಟ ಹೆಸರಪ್ಪ. ಮೂತ್ರಕೋಶದ ಪಕ್ಕದ ಚುಕ್ಕೆ.”

ಹೋಳಪ್ಪ ಪರದೆಯ ಮೇಲಿನ ಅಕ್ಷರಗಳನ್ನು ಕೂಡಿಸಿ ಓದಿದ.

“ಅಯ್ಯೋ, ಅದು ಏನೋ, ಗೊತ್ತಿಲ್ಲ ಅಂತ. ನಮ್ಮ ಭಾಷೆ. ನಿನಗೂ ತಿಳೀಲಿಲ್ವಾ?”

“ಲ್ಯಾಟಿನ್ ಅಂದ್ಕೊಂಡೆ,” ಎಂದ ಗೆಳೆಯ, ಮುಖ ಸಣ್ಣದು ಮಾಡಿ. “ಗಂಭೀರವಾಗಿತ್ತು.”

ಗಾಜಿನ ಪಟ್ಟಿಯನ್ನು ಹುಡುಕಿ ತೆಗೆದು ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟರೆ ಚುಕ್ಕೆಯಲ್ಲ, ಮಡಿಕೆ. ಅದೇ ಭ್ರೂಣದ ಮುಂದಿನ ಹೋಳು ನೀಟಾಗಿ ಮಲಗಿತ್ತು; ಅದರಲ್ಲಿ ನೀಲಿಯ ಸುಳಿವಿಲ್ಲ. ಮಿಕ್ಕ ಇಬ್ಬರಿಗೆ ಇದು ಕಂಡದ್ದಾದರೂ ಹೇಗೆ? ಪಾಠದ ನಡುವೆ ಗುರು ಕೆಮ್ಮಿದ್ದನ್ನೂ ಸೂತ್ರವೆಂದು ಬರೆದುಕೊಂಡು, ಅದಕ್ಕೆ ಭಾಷ್ಯ ರಚಿಸಿದ ಶಿಷ್ಯರಂತೆ, ಅವರು ತಮ್ಮ ಮಡಿಕೆಗಳನ್ನೆಲ್ಲ ಹುಡುಕಿ ಹುಡುಕಿ ಎಣಿಸಿದ್ದರು.

“ಅಳಿಸಿಬಿಡು,” ಎಂದ ಹೋಳಪ್ಪ.

“ಆಗಲ್ಲ. ಇಬ್ಬರು ಕಂಡಿದ್ದೀವಿ ಅಂದ್ರೆ ಒಳಗೆ ಬರುತ್ತೆ, ಮೂವರೂ ಒಪ್ಪದೆ ಹೊರಗೆ ಹೋಗಲ್ಲ. ಸಂಜೆ ಸಭೆ ಮುಗಿದ ಮೇಲೆ ನಕ್ಷೆಗೇ ಬೀಗ.”

ಪ್ರಯೋಗಾಲಯದ ಮುಖ್ಯಸ್ಥೆ, ಎಲ್ಲರ ಬಾಯಲ್ಲಿ ಮೇಡಂ, ಎಲ್ಲವನ್ನೂ ಕೇಳಿ ಕನ್ನಡಕ ತೆಗೆದಿಟ್ಟರು.

“ಇವತ್ತೇ ಸಭೆಯಲ್ಲಿ ಯೋಜನೆಯ ಅಧ್ಯಕ್ಷರನ್ನ, ನಿಮ್ಮ ಕೆಲಸ ಖಾಯಂ ಮಾಡಿ ಅಂತ ಕೇಳೋಳಿದ್ದೆ. ಅವರ ಮುಂದೆ ಹೋಳು ಮಡಚಿತ್ತು ಅಂದ್ರೆ ನಿಮ್ಮ ಕೈಚಳಕಕ್ಕೆ ನಾನೇನು ಹೇಳಲಿ?”

“ಸುಳ್ಳು ಅಂಗ ನಕ್ಷೆಯಲ್ಲಿ ಉಳಿದರೆ ಪಾಪ ಅಲ್ವಾ ಮೇಡಂ?”

“ಪಾಪ ನಿಮ್ಮದು, ಉಗಿಸಿಕೊಳ್ಳೋಳು ನಾನು. ಸಭೆಯಲ್ಲಿ ಹೇಳಿ, ಹೋಗಿ.”

ಅಷ್ಟರಲ್ಲಿ ಹೆಂಡತಿಯ ಫೋನು.

“ರೀ, ಎನೊಗೊಟಿಲಾ ಅಂತ ಹೊಸ ಅಂಗ ಕಂಡುಹಿಡಿದಿರಂತೆ. ನಿಮ್ಮ ಗೆಳೆಯರ ಮನೆಯಾಕೆ ಹೇಳಿದ ಮೇಲೆ ನನಗೆ ತಿಳಿಯೋದಾ?”

“ಅದು ಅಂಗ ಅಲ್ಲ ಕಣೆ, ಮಡಿಕೆ.”

“ಎದುರುಮನೆಯಾಕೆ ಕೇಳ್ತಿದ್ದಾರೆ, ಅದು ಗಂಡಸರಿಗೆ ಮಾತ್ರ ಇರುತ್ತಾ, ನಮಗೂ ಇರುತ್ತಾ ಅಂತ.”

“ಯಾರಿಗೂ ಇಲ್ಲ.”

“ಹಾಗಂದ್ರೆ ಹೇಗ್ರೀ? ಅಮ್ಮನಿಗೆ ಬೆಳಗ್ಗಿಂದ ಅಲ್ಲೇ ನೋವು.”

ಹೋಳಪ್ಪ ಫೋನನ್ನು ಜೇಬಿಗಿಟ್ಟು ಗೋಡೆಗೆ ಹಣೆ ಒತ್ತಿ ನಿಂತ.

ಸಂಜೆಯ ಸಭೆಯಲ್ಲಿ ದೊಡ್ಡ ಪರದೆಯ ಮೇಲೆ ಎರಡು ದೂರದೇಶಗಳ ಮುಖಗಳು ಮೂಡಿದವು. ನಡುವೆ ಬಿಳಿಗಡ್ಡದ ಅಧ್ಯಕ್ಷರು. ಹೋಳಪ್ಪ ನೀಟಾದ ಹೋಳಿನ ಚಿತ್ರ ತೋರಿಸಿ, ತನಗೆ ಬಂದ ಇಂಗ್ಲಿಷಿನಲ್ಲಿ ನಿವೇದಿಸಿದ: “ಇದು ಅದೇ ಭ್ರೂಣದ ಮುಂದಿನ ಹೋಳು. ಇದರಲ್ಲಿ ಚುಕ್ಕೆ ಇಲ್ಲ. ನಾನು ಸೀನಿದ್ದೆ, ಮೊದಲನೆಯದು ಮಡಚಿಕೊಂಡಿತ್ತು. ತಪ್ಪು ನನ್ನದು. ದಯವಿಟ್ಟು ಅಳಿಸಿಬಿಡಿ.”

“ಹೇಗೆ ಅಳಿಸೋದು?” ಎಂದಳು ಎರಡನೆಯ ಪ್ರಯೋಗಾಲಯದಾಕೆ. “ನಮ್ಮ ಹೆಚ್ಚಿನ ಹೋಳುಗಳಲ್ಲಿ ಎನೊಗೊಟಿಲಾ ಇದೆ.”

“ನಮ್ಮಲ್ಲಿ ಕೆಲವು ಹೋಳುಗಳಲ್ಲಿ ಜೋಡಿ ಇವೆ,” ಎಂದ ಮೂರನೆಯವನು, ಅವಳನ್ನು ಮೀರಿಸಿ.

ಅಧ್ಯಕ್ಷರು ಗಡ್ಡ ನೀವಿಕೊಂಡರು. “ಇಷ್ಟು ಜನರಿಗೆ ಕಾಣೋದು ನಿಮ್ಮ ಈ ಹೋಳಿನಲ್ಲಿ ಮಾತ್ರ ಯಾಕೆ ಕಾಣ್ತಿಲ್ಲ?”

ದಿನವಿಡೀ ಕುದಿದ ಹೋಳಪ್ಪನ ಸಹನೆ ಅಲ್ಲಿಗೆ ತೀರಿತು. ಇಂಗ್ಲಿಷು ಕೈಕೊಟ್ಟಿತು. ತಲೆಯ ಮೇಲೆ ಕೈಹೊತ್ತು ಅವನು ತಾಯ್ನುಡಿಯಲ್ಲೇ ನುಡಿದ: “ಏನೋ, ಗೊತ್ತಿಲ್ಲ.”

ಪರದೆಯ ಮುಖಗಳೆಲ್ಲ ಬೆಳಗಿದವು.

“ಶುದ್ಧ ಉಚ್ಚಾರಣೆ ಇವತ್ತು ತಿಳೀತು,” ಎಂದರು ಅಧ್ಯಕ್ಷರು. “ಎಲ್ಲರೂ ಬರೆದುಕೊಳ್ಳಿ. ಮೊದಲೆರಡು ಅಕ್ಷರ ದೀರ್ಘ.” ಬಳಿಕ ಮೇಡಂ ಕಡೆ ತಿರುಗಿ ದನಿ ತಗ್ಗಿಸಿದರು. “ಹೆಸರಿಡೋದರಲ್ಲಿ ನಿಮ್ಮ ಹುಡುಗ ಗಟ್ಟಿಗ, ಕೊಯ್ಯೋ ಕೈ ಮಾತ್ರ ಕೆಟ್ಟಿದೆ. ಮೊದಲ ಹೋಳಿನಲ್ಲಿ ತೋರಿಸಿದ್ದನ್ನ ಎರಡನೇದರಲ್ಲಿ ಕಳಕೊಂಡಿದ್ದಾನೆ. ಖಾಯಂ ಮಾತು ಸದ್ಯಕ್ಕೆ ಬೇಡ. ಜೋಡಿ ಕಂಡವರ ಹತ್ತಿರ ಕಳಿಸಿ, ಹೋಳು ಮಾಡೋದು ಕಲಿತು ಬರಲಿ.”

ನಕ್ಷೆಗೆ ಬೀಗ ಬಿತ್ತು.

ಮನೆಯ ಬಾಗಿಲಲ್ಲೇ ಹೆಂಡತಿ ನಿಂತಿದ್ದಳು. ಅವಳ ಹಿಂದೆ ಸೊಂಟ ಹಿಡಿದುಕೊಂಡ ಅತ್ತೆ, ಅತ್ತೆಯ ಹಿಂದೆ ಎದುರುಮನೆಯಾಕೆ.

“ಪರದೇಶಕ್ಕೆ ಕಳಿಸ್ತಾರಂತೆ? ಅಲ್ಲಿ ಏನು ಕಲಿಯೋದಿದೆ ನಿಮಗೆ?”

ಹೋಳಪ್ಪ ಬಾಯಿ ತೆರೆದ. ನಿಜವಾದ ಉತ್ತರ, ಅದೇ ಎರಡು ಪದ, ನಾಲಿಗೆಯ ತುದಿಗೆ ಬಂದಿತ್ತು. ಆದರೆ ಅದನ್ನು ಆಡಿದರೆ ಅತ್ತೆಯ ನೋವು ಇನ್ನಷ್ಟು ಹೆಚ್ಚೀತೆಂದು ಹೆದರಿ, ಬಾಯಿ ಮುಚ್ಚಿಕೊಂಡು ಒಳಗೆ ನಡೆದ.